ಅಂಗಳದಿಂದ ಅಂಗನವಾಡಿಗೆ

ಗಡಿಭಾಗದ ಕನ್ನಡ ಶಾಲೆಗಳ ಸ್ಥಿತಿಗತಿಯನ್ನು ಕುರಿತು ನಮ್ಮ ಸಮ್ಮೇಳನಗಳಲ್ಲಿ ಪ್ರತಿಸಲವೂ ಚರ್ಚೆ ನಡೆಯುತ್ತದೆ. ಶಿಕ್ಷಕರ ಕೊರತೆ, ಪಠ್ಯಪುಸ್ತಕಗಳ ವಿಳಂಬ, ಹಾಜರಿಪಟದಲ್ಲಿ ಇಳಿಯುತ್ತಿರುವ ಮಕ್ಕಳ ಸಂಖ್ಯೆ ಇವೆಲ್ಲ ಒಂದನೆಯ ಇಯತ್ತೆಯಿಂದ ಮೊದಲಾಗುವ ಮಾತುಗಳು. ಆದರೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ನಮ್ಮ ಹಳ್ಳಿಗಳ ಮಗು ಒಂದನೆಯ ಇಯತ್ತೆಗೆ ಬರುವ ಮೊದಲೇ ಎರಡು ಮೂರು ವರುಷ ಇನ್ನೊಂದು ಮನೆಯಲ್ಲಿ ಕುಳಿತು, ಹಾಡಿ, ಉಂಡು ಬಂದಿರುತ್ತದೆ. ಆ ಮನೆಯ ಇತಿಹಾಸವನ್ನು ಇಲ್ಲಿ ತುಸು ವಿವರವಾಗಿ ಹೇಳಬಯಸುತ್ತೇವೆ.

ಹಿಂದಿನ ಗಾಂವಠಿ ಶಾಲೆಗಳಲ್ಲಿ ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿಸುತ್ತಿದ್ದುದುಂಟು. ಆದರೆ ಅಕ್ಷರಕ್ಕಿಂತ ಮೊದಲು ಮಗುವಿಗೆ ಬೇರೊಂದು ಶಿಕ್ಷಣ ಬೇಕೆಂಬ ವಿಚಾರ ಅಲ್ಲಿ ಇರಲಿಲ್ಲ. ಅದನ್ನು ಪಶ್ಚಿಮ ಭಾರತದಲ್ಲಿ ನೆಲೆಗೊಳಿಸಿದವರಲ್ಲಿ ಗುಜರಾತದ ಗಿಜುಭಾಯಿ ಬಧೇಕಾ ಪ್ರಮುಖರು. ವಕೀಲಿ ವೃತ್ತಿಯನ್ನು ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದ ಅವರು 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು. ಮಾಂಟೆಸ್ಸೊರಿಯವರ ವಿಚಾರಗಳನ್ನು ನಮ್ಮ ಹವೆಗೆ ಒಗ್ಗಿಸಿ, ಹೆದರಿಕೆ ಮತ್ತು ಹೊಡೆತಗಳಿಲ್ಲದ ಶಾಲೆಯನ್ನು ಕಟ್ಟಿ ತೋರಿಸಿದರು. ಮಕ್ಕಳು ಅವರನ್ನು ‘ಮೂಛಾಳೀ ಮಾ’, ಅಂದರೆ ಮೀಸೆಯ ತಾಯಿ, ಎಂದು ಕರೆಯುತ್ತಿದ್ದರು.

ಅವರ ಜೊತೆ ಭಾವನಗರದಲ್ಲಿ ದುಡಿದ ತಾರಾಬಾಯಿ ಮೋಡಕ್ ಆ ಕಾರ್ಯವನ್ನು ಮಹಾರಾಷ್ಟ್ರಕ್ಕೆ ತಂದರು. 1936ರಲ್ಲಿ ಮುಂಬಯಿಯ ದಾದರದಲ್ಲಿ ಶಿಶುವಿಹಾರವನ್ನು ನಡೆಸತೊಡಗಿದರು. ಅದು ಪಟ್ಟಣದ ಮಕ್ಕಳ ಶಾಲೆ. ಬೆಲೆಬಾಳುವ ಸಾಧನಗಳಿಂದ ನಡೆಯುವ ಈ ಶಿಕ್ಷಣ ಬಡವರ ಮಕ್ಕಳಿಗೆ ಎಟಕುವುದೆಂತು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1945ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಆಗಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದರು. ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡು, ಓದಿ, ಪುಣೆಯಲ್ಲಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ ಅಲ್ಲಿ ಅವರನ್ನು ಕೂಡಿಕೊಂಡರು.

ಶಾಲೆ ತೆರೆದರೆ ಸಾಕು, ಮಕ್ಕಳು ಬರುತ್ತಾರೆಂಬುದು ಪಟ್ಟಣದ ನಂಬಿಕೆ. ಬಡವರ ಕೇರಿಯ ಮಕ್ಕಳು ಹಾಗೆ ಬರಲಿಲ್ಲ. ಆಗ ಇವರೇ ಕೇರಿಗೆ ಹೋದರು. ಮನೆಯ ಮುಂದಿನ ಅಂಗಳವೇ ಶಾಲೆಯಾಯಿತು. ಮೊದಲ ಪಾಠವೆಂದರೆ ಮೈ ತೊಳೆಯುವುದು, ತಲೆ ಬಾಚುವುದು. ಕೊಳ್ಳಬೇಕಾದ ಸಾಧನಗಳ ಬದಲು ಹರಳು, ಕಪ್ಪೆಚಿಪ್ಪು, ಎಲೆ, ಬೀಜಗಳು ಬಂದವು. ಎಣಿಸಲು, ಜೋಡಿಸಲು, ಬಣ್ಣ ಗುರುತಿಸಲು ಅಷ್ಟೇ ಸಾಕಾದವು. ಅಂಗನವಾಡಿಯೆಂಬ ಕಲ್ಪನೆ ಬೇರೂರಿದ್ದು ಹೀಗೆ. ನಮ್ಮಲ್ಲಿ ಕೆಲವರು ‘ಅಂಗನೆ’ ಎಂದರೆ ಹೆಣ್ಣು, ಹೆಂಗಸರು ನಡೆಸುವುದರಿಂದ ಅಂಗನವಾಡಿ ಎಂದು ಅರ್ಥ ಹೇಳುವುದನ್ನು ಕೇಳಿದ್ದೇವೆ. ಅದು ಸರಿಯಲ್ಲ. ಮರಾಠಿಯ ‘ಅಂಗಣ’ ನಮ್ಮ ಅಂಗಳವೇ.

1957ರಲ್ಲಿ ಈ ಕಾರ್ಯ ಸಮೀಪದ ಕೋಸಬಾಡದ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ, ಸ್ಥಳಾಂತರವಾಯಿತು. ಅಲ್ಲಿ ದೊಡ್ಡ ಹುಡುಗಿ ಶಾಲೆಗೆ ಬರಬೇಕಾದರೆ ಅವಳ ಕಂಕುಳಲ್ಲಿದ್ದ ಕೂಸನ್ನು ನೋಡಿಕೊಳ್ಳುವವರು ಬೇಕು. ಆದುದರಿಂದ ಕೂಸಿನ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಸೇರಿಸಿದರು. ಅದಕ್ಕೆ ವಿಕಾಸವಾಡಿಯೆಂದು ಹೆಸರು. ದನ ಕಾಯುವ ಹುಡುಗರಿಗಾಗಿ ಹುಲ್ಲುಗಾವಲಿನಲ್ಲಿಯೇ ‘ಕುರಣಶಾಳಾ’ ನಡೆಯಿತು. ನಾಲ್ಕು ದಶಕ ಮಾಸ್ತರಿಕೆ ಮಾಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಗೈರುಹಾಜರಿಗೆ ಮಗುವನ್ನು ದೂರದೆ ಕಾರಣವನ್ನು ಹುಡುಕಿದವರು ಇವರು. ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಯವರಿಗೆ 1985ರಲ್ಲಿ ಪದ್ಮಶ್ರೀ ಸಂದವು.

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ತಿರುಮಕೂಡಲು ನರಸೀಪುರಕ್ಕೆ ಬಂತು, ಮಹಾರಾಷ್ಟ್ರದಲ್ಲಿ ಮೇಳಘಾಟದ ಧಾರಣಿಗೆ. ಕ್ರಮೇಣ ದೇಶದ ಹಳ್ಳಿಹಳ್ಳಿಗೂ ಹಬ್ಬಿತು. ಪೂರಕ ಆಹಾರ, ಚುಚ್ಚುಮದ್ದು, ತೂಕದ ತಪಾಸಣೆ ಇವುಗಳಿಂದ ಆದ ಉಪಕಾರ ದೊಡ್ಡದು. ಆದರೆ ಆಹಾರ ಮತ್ತು ದಾಖಲೆಗಳ ಭಾರದಲ್ಲಿ ಶಾಲಾಪೂರ್ವ ಶಿಕ್ಷಣವು ಹಿಂದೆ ಸರಿಯಿತೆಂದೇ ನಮ್ಮ ಅಭಿಪ್ರಾಯ. ಅಂಗಳಕ್ಕೆ ಹೋಗಿದ್ದ ಶಾಲೆ ಹೆಸರಿನಲ್ಲಿ ಮಾತ್ರ ಅಂಗಳವನ್ನು ಉಳಿಸಿಕೊಂಡು ಒಂದು ಕೋಣೆಯಾಯಿತು.

ಗಡಿನಾಡಿನವರಿಗೆ ಇಲ್ಲಿ ಇನ್ನೊಂದು ತೊಡಕುಂಟು. ಅಂಗಳವೆಂದರೆ ಹರಳು, ಎಲೆಗಳಷ್ಟೇ ಅಲ್ಲ. ಅಲ್ಲಿ ಆಡುವ ಮಾತೂ ಹೌದು. ಭಾಷಾವಾರು ಪ್ರಾಂತಗಳಾದ 1956ರಲ್ಲಿಯೇ, ಏಳನೆಯ ತಿದ್ದುಪಡಿಯ ಮೂಲಕ, ಸಂವಿಧಾನಕ್ಕೆ 350ಎ ವಿಧಿಯು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸಾಕಷ್ಟು ಸೌಕರ್ಯವನ್ನು ಒದಗಿಸಲು ಯತ್ನಿಸಬೇಕೆಂದು ಅದು ರಾಜ್ಯಗಳಿಗೆ ಹೇಳುತ್ತದೆ. ಆದರೆ ಅದರ ಮಾತು ಪ್ರಾಥಮಿಕ ಹಂತವನ್ನು ಕುರಿತದ್ದು. ಮೂರರಿಂದ ಆರು ವರುಷದ ಮಗುವಿನ ಹೆಸರು ಅಲ್ಲಿಲ್ಲ. ಆ ಕಾಲಕ್ಕೆ ಇಂಥ ವ್ಯವಸ್ಥೆಯೂ ಇರಲಿಲ್ಲ. 2002ರ 86ನೆಯ ತಿದ್ದುಪಡಿ ಆರು ವರುಷದವರೆಗಿನ ಆರೈಕೆ ಮತ್ತು ಶಿಕ್ಷಣವನ್ನು 45ನೆಯ ವಿಧಿಯಲ್ಲಿ ಸೇರಿಸಿತು. ಭಾಷೆಯ ಮಾತನ್ನು ಎತ್ತಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಾದರೋ ಮೂರರಿಂದ ಎಂಟು ವರುಷದವರೆಗಿನದನ್ನು ಒಂದೇ ಬುನಾದಿ ಹಂತವೆಂದು ಎಣಿಸಿದೆ. ಹಾಗಿದ್ದ ಮೇಲೆ ಆ ಹಂತದ ಉತ್ತರಾರ್ಧಕ್ಕೆ ಇರುವ ರಕ್ಷಣೆ ಪೂರ್ವಾರ್ಧಕ್ಕೂ ಸಲ್ಲಬೇಡವೇ? ನಮ್ಮ ಸಂಘಗಳು ಸರಕಾರಕ್ಕೆ ಕೊಡುವ ಮನವಿಗಳಲ್ಲಿ ಈ ಪ್ರಶ್ನೆ ಮೊದಲ ಸಾಲಿಗೆ ಬರಬೇಕು.

ನಮ್ಮ ಹಳ್ಳಿಗಳ ಅಂಗನವಾಡಿಯ ಬಾಯಿಯವರು ಬಹುಮಟ್ಟಿಗೆ ಅದೇ ಊರಿನವರು, ಮನೆಯಲ್ಲಿ ಕನ್ನಡ ಆಡುವವರು. ತರಬೇತಿ ಮರಾಠಿಯಲ್ಲಿ, ಗೋಡೆಯ ಪಟಗಳೂ ಮರಾಠಿಯಲ್ಲಿ. ಆಕಳ ಚಿತ್ರದ ಕೆಳಗೆ ‘ಗಾಯ್’ ಎಂದಿರುತ್ತದೆ. ಮಗು ‘ಆಕಳ’ ಎನ್ನುತ್ತದೆ. ಬಾಯಿಯವರು ಅದನ್ನು ತಪ್ಪೆನ್ನದೆ ಎರಡನ್ನೂ ಹೇಳಿಸಿದರೆ ಮಗು ಎರಡನ್ನೂ ಕಲಿಯುತ್ತದೆ. ಮರಾಠಿ ನಮಗೆ ಪರಕೀಯವಲ್ಲ, ಈ ಕಥೆಯೆಲ್ಲ ಮರಾಠಿ ತಾಯಂದಿರದೇ. ಪಟದ ಮೇಲೆ ಎರಡನೆಯ ಶಬ್ದವನ್ನು ಕನ್ನಡದಲ್ಲಿ ಬರೆದು ಅಂಟಿಸಲು ಒಂದು ಹಾಳೆ, ಒಂದು ಕುಂಚ, ಊರಿನ ಶಾಲೆಯ ಒಬ್ಬ ನಿವೃತ್ತ ಮಾಸ್ತರರ ಒಂದು ಮಧ್ಯಾಹ್ನ ಬೇಕಾಗುತ್ತದೆ.