ಕಸುಬು ಕಲಿಯದ ಕೋಶಗಳ ಕಥೆ

ಮನುಷ್ಯನ ದೇಹದಲ್ಲಿ ಸುಮಾರು 200 ಬಗೆಯ ಜೀವಕೋಶಗಳಿವೆ ಎಂದು ಪಾಠ ಹೇಳಿದ್ದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ನರ, ಸ್ನಾಯು, ರಕ್ತ ಎಲ್ಲವೂ ಒಂದೇ ಕೋಶದಿಂದ ಹುಟ್ಟಿದವು. ಆದರೆ ಒಮ್ಮೆ ತನ್ನ ಕಸುಬು ಕಲಿತ ಕೋಶವು ಸಾಮಾನ್ಯವಾಗಿ ಅದನ್ನು ಬಿಟ್ಟು ಬೇರೊಂದಕ್ಕೆ ಹೋಗುವುದಿಲ್ಲ. ಯಾವ ಕಸುಬನ್ನೂ ಇನ್ನೂ ಕಲಿಯದ, ಎಲ್ಲವನ್ನೂ ಕಲಿಯಬಲ್ಲ ಕೋಶಗಳು ಕೆಲವೇ ದಿನಗಳ ಭ್ರೂಣದ ಒಳಭಾಗದಲ್ಲಿರುತ್ತವೆ. ಗರ್ಭದಲ್ಲಿ ಆ ಸ್ಥಿತಿ ಬಹುಬೇಗ ಮುಗಿದುಹೋಗುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಾದರೋ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ, ವರ್ಷಗಟ್ಟಲೆ ಮೊದಲಿನಂತೆಯೇ ಉಳಿಯಬಲ್ಲವು. ಇವೇ ಭ್ರೂಣದ ಆಕರಕೋಶಗಳು, ಎಂದರೆ ಸ್ಟೆಮ್ ಸೆಲ್‌ಗಳು. ಇವು ಹೀಗೆ ಉಳಿಯುವುದು ಹೇಗೆ? ಇದನ್ನು ತಿಳಿಯಲು ಅರ್ಧ ಶತಮಾನವೇ ಹಿಡಿಯಿತು.

ಕಥೆ ಆರಂಭವಾಗುವುದು ಒಂದು ಗೆಡ್ಡೆಯಿಂದ. 1950ರ ದಶಕದ ಆರಂಭದಲ್ಲಿ ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ ಲೆರಾಯ್ ಸ್ಟೀವನ್ಸ್ ಎಂಬ ವಿಜ್ಞಾನಿ, ಸಿಗರೇಟಿನಿಂದಾಗುವ ಹಾನಿಯನ್ನು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದರು. ‘129’ ಎಂಬ ತಳಿಯ ಇಲಿಯೊಂದರ ವೃಷಣದಲ್ಲಿ ವಿಚಿತ್ರವಾದ ಗೆಡ್ಡೆ ಕಂಡಿತು. ಅದರೊಳಗೆ ಸ್ನಾಯು, ಮೂಳೆ, ಕೂದಲು ಎಲ್ಲವೂ ಕಲಸಿಹೋಗಿದ್ದವು. ಸಿಗರೇಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಸ್ಟೀವನ್ಸ್ ಆ ಗೆಡ್ಡೆಯ ಬೆನ್ನು ಹತ್ತಿದರು. 1964ರಲ್ಲಿ ಕ್ಲೈನ್‌ಸ್ಮಿತ್ ಮತ್ತು ಪಿಯರ್ಸ್ ಅಂತಹ ಗೆಡ್ಡೆಯ ಒಂದೇ ಕೋಶದಿಂದ ನಾನಾ ಬಗೆಯ ಅಂಗಾಂಶಗಳು ಹುಟ್ಟುವುದನ್ನು ತೋರಿಸಿದರು. 1970ರಲ್ಲಿ ಸ್ಟೀವನ್ಸ್, ಎಳೆಯ ಭ್ರೂಣವನ್ನು ವೃಷಣದಲ್ಲಿಟ್ಟರೆ ಇದೇ ಗೆಡ್ಡೆ ಬೆಳೆಯುವುದೆಂದು ಪ್ರಕಟಿಸಿದರು. ಎಂದರೆ ಗೆಡ್ಡೆಯ ಆ ಕೋಶಗಳೂ ಭ್ರೂಣದ ಕೋಶಗಳೂ ಹತ್ತಿರದ ನೆಂಟರು!

ಹಾಗಾದರೆ ನೇರವಾಗಿ ಭ್ರೂಣದಿಂದಲೇ ಅವನ್ನು ಪಡೆಯಬಾರದೇಕೆ? 1981ರಲ್ಲಿ ಕೇಂಬ್ರಿಜ್‌ನಲ್ಲಿ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೇಲ್ ಮಾರ್ಟಿನ್ ಎಂಬ ಮಹಿಳೆ, ಇಲಿಯ ಭ್ರೂಣದಿಂದ ಇದನ್ನು ಸಾಧಿಸಿದರು. ‘ಭ್ರೂಣದ ಆಕರಕೋಶ’ ಎಂಬರ್ಥದ ಇಂಗ್ಲಿಷ್ ಹೆಸರನ್ನು ಇವುಗಳಿಗೆ ಕೊಟ್ಟವರು ಗೇಲ್ ಮಾರ್ಟಿನ್.

ಆದರೆ ಈ ಕೋಶಗಳನ್ನು ಬೇರೆ ಪೋಷಕ ಕೋಶಗಳ ಹಾಸಿನ ಮೇಲೆಯೇ ಬೆಳೆಸಬೇಕಿತ್ತು. ಆ ಹಾಸು ಏನನ್ನು ಉಣಿಸುತ್ತಿತ್ತು? 1988ರಲ್ಲಿ ಉತ್ತರ ಸಿಕ್ಕಿತು: ‘ಲಿಫ್’ ಎಂಬ ಪ್ರೋಟೀನು. ಇದು ಇಲಿಯ ರಕ್ತಕ್ಯಾನ್ಸರ್ ಕೋಶಗಳಿಗೆ ಪ್ರೌಢತೆ ತರುತ್ತದೆಂದು ಮೊದಲೇ ತಿಳಿದಿತ್ತು. ಒಂದು ಕೋಶವನ್ನು ಮಾಗಿಸುವ ವಸ್ತುವೇ ಇನ್ನೊಂದನ್ನು ಮಾಗದಂತೆ ಕಾಯುತ್ತದೆ! ಆದೇಶಕ್ಕಿಂತ ಆದೇಶವನ್ನು ಕೇಳುವ ಕೋಶ ಯಾವುದು ಎಂಬುದೇ ಮುಖ್ಯ.

ಮುಂದೆ ಗಮನ ಕೋಶದ ಒಳಕ್ಕೆ ಹರಿಯಿತು. ಆಕ್ಟ್4 ಎಂಬ ಪ್ರೋಟೀನಿಲ್ಲದ ಇಲಿಭ್ರೂಣದಲ್ಲಿ ಈ ಕೋಶಗಳು ರೂಪುಗೊಳ್ಳುವುದೇ ಇಲ್ಲವೆಂದು 1998ರಲ್ಲಿ ತಿಳಿಯಿತು. 2000ದಲ್ಲಿ ಹಿತೋಶಿ ನಿವಾ ಮತ್ತು ಸಂಗಡಿಗರು, ಅದರ ಪ್ರಮಾಣ ಹೆಚ್ಚಿದರೂ ಕಡಿಮೆಯಾದರೂ ಕೋಶ ದಾರಿ ಬದಲಿಸುತ್ತದೆ ಎಂದು ತೋರಿಸಿದರು. ಅಡುಗೆಗೆ ಉಪ್ಪಿನಂತೆ, ಹದ ತಪ್ಪಬಾರದು. 2003ರಲ್ಲಿ ಸಿಕ್ಕ ಮತ್ತೊಂದು ಪ್ರೋಟೀನಿಗೆ ‘ನ್ಯಾನಾಗ್’ ಎಂದು ಹೆಸರಿಟ್ಟರು. ಮುಪ್ಪಿಲ್ಲದವರ ನಾಡೊಂದು ಐರಿಷ್ ಪುರಾಣದಲ್ಲಿದೆ. ಹೆಸರು ಬಂದದ್ದು ಅಲ್ಲಿಂದ. ಈ ಪ್ರೋಟೀನುಗಳು ಸಾಕ್ಸ್2 ಎಂಬ ಇನ್ನೊಂದರೊಡಗೂಡಿ ಪರಸ್ಪರ ಬಲ ಕೊಡುತ್ತ, ಕಸುಬು ಕಲಿಸುವ ಜೀನ್‌ಗಳನ್ನು ತಡೆದಿಡುತ್ತವೆ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು 2008ರ ಶೋಧ. ಆಸ್ಟಿನ್ ಸ್ಮಿತ್ ಮತ್ತು ಸಂಗಡಿಗರು ಕೇವಲ ಎರಡು ಸಂಕೇತಮಾರ್ಗಗಳನ್ನು ರಾಸಾಯನಿಕಗಳಿಂದ ಮುಚ್ಚಿ, ಲಿಫ್ ಇಲ್ಲದೆಯೇ ಇಲಿಯ ಆಕರಕೋಶಗಳನ್ನು ಬೆಳೆಸಿದರು. ‘ಹೀಗೆಯೇ ಇರು’ ಎಂದು ಯಾರೂ ಹೇಳಬೇಕಾಗಿರಲಿಲ್ಲ. ‘ಹೊರಡು’ ಎಂಬ ಕರೆಗಳು ಕಿವಿಗೆ ಬೀಳದಿದ್ದರೆ ಸಾಕಿತ್ತು.

1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದಲೂ ಇಂತಹ ಕೋಶಗಳನ್ನು ಪಡೆದರು. ಅವನ್ನು ಉಳಿಸಿಕೊಳ್ಳಲು ಲಿಫ್ ಸಾಲದು, ಬೇರೆ ಸಂಕೇತಗಳು ಬೇಕು. ಭ್ರೂಣವನ್ನು ಬಳಸುವುದು ಸರಿಯೇ ಎಂಬ ವಿವಾದವೂ ಎದ್ದಿತು. ನಮ್ಮ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್ದಾರ್ ಅವರ ತಂಡ, ಚಿಕಿತ್ಸೆಗೆ ಒದಗದೆಂದು ಬದಿಗಿಟ್ಟ ಭ್ರೂಣಗಳಿಂದಲೇ ಎರಡು ಕೋಶಸಂತತಿಗಳನ್ನು ಬೆಳೆಸಿತು. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ನಾಲ್ಕು ಜೀನ್‌ಗಳ ನೆರವಿನಿಂದ ಇಲಿಯ ಪ್ರೌಢ ಕೋಶವನ್ನೇ ಎಳೆತನಕ್ಕೆ ಮರಳಿಸಿದರು. ಆ ನಾಲ್ಕರಲ್ಲಿ ಆಕ್ಟ್4 ಕೂಡ ಒಂದು. 2012ರಲ್ಲಿ ಅವರಿಗೆ ನೊಬೆಲ್ ಬಂದಿತು.

ಕೊನೆಗೊಂದು ಮಾತು. ಮಂಡಿನೋವಿಗೆ, ಸಕ್ಕರೆ ಕಾಯಿಲೆಗೆ ‘ಸ್ಟೆಮ್ ಸೆಲ್ ಚಿಕಿತ್ಸೆ’ ಎಂದು ಲಕ್ಷಗಟ್ಟಲೆ ಕೇಳುವವರ ಬಗ್ಗೆ ಬಂಧುಗಳು ನನ್ನನ್ನು ವಿಚಾರಿಸುವುದುಂಟು. ನಾನು ವೈದ್ಯನಲ್ಲ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವಂತಹ ರಕ್ತಜನಕ ಕೋಶಗಳ ಕಸಿಯನ್ನು ಬಿಟ್ಟು ಉಳಿದುದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಮಾಡಬೇಕೆನ್ನುತ್ತದೆ. ಅಂತಹ ಪ್ರಯೋಗಗಳಿಂದ ನಾಳೆ ಒಳಿತಾಗಬಹುದು. ಅದನ್ನು ಇಂದೇ ಮಾರುವವರ ಬಳಿ ದಾಖಲೆ ಕೇಳಿ. ಪಳಗಿಸದ ಭ್ರೂಣಕೋಶವನ್ನು ಹಾಗೆಯೇ ದೇಹಕ್ಕೆ ಸೇರಿಸಿದರೆ ಏನಾಗಬಹುದೆಂಬುದನ್ನು ಸ್ಟೀವನ್ಸ್‌ರ ಇಲಿಗಳು ಎಂದೋ ಹೇಳಿವೆ. ಏನು ಬೇಕಾದರೂ ಆಗಬಲ್ಲದ್ದು ಗೆಡ್ಡೆಯೂ ಆಗಬಲ್ಲದು.