ಭಾರತದಲ್ಲಿ ಸ್ಥೂಲಕಾಯತೆ

ಸ್ಥೂಲಕಾಯತೆ ಅಥವಾ ಬೊಜ್ಜು ಎಂದರೆ ಆರೋಗ್ಯಕ್ಕೆ ಹಾನಿಯಾಗುವ ಪ್ರಮಾಣದಲ್ಲಿ ದೇಹದಲ್ಲಿ ಕೊಬ್ಬು ಶೇಖರಗೊಂಡಿರುವ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ದೀರ್ಘಕಾಲಿಕ ರೋಗವೆಂದು ಪರಿಗಣಿಸುತ್ತದೆ. ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಪ್ರಪಂಚದ ವಯಸ್ಕರಲ್ಲಿ ಶೇ. 43ರಷ್ಟು ಜನ ಅಧಿಕ ತೂಕದವರು, ಶೇ. 16ರಷ್ಟು ಜನ ಸ್ಥೂಲಕಾಯರು. ಬಹುಕಾಲ ಹಸಿವು ಮತ್ತು ಕ್ಷಾಮಗಳೊಡನೆ ಹೋರಾಡಿದ ಭಾರತದಲ್ಲಿಯೂ ಈ ಸಮಸ್ಯೆ ವೇಗವಾಗಿ ಬೆಳೆಯುತ್ತಿದೆ.

ಅಳೆಯುವ ವಿಧಾನ

ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಗೆ ದೇಹ ದ್ರವ್ಯರಾಶಿ ಸೂಚ್ಯಂಕ (ಬಿ.ಎಂ.ಐ.) ಎಂದು ಹೆಸರು. ಉದಾಹರಣೆಗೆ, 160 ಸೆಂ.ಮೀ. ಎತ್ತರ, 64 ಕಿ.ಗ್ರಾಂ ತೂಕವಿರುವ ವ್ಯಕ್ತಿಯ ಸೂಚ್ಯಂಕ 25. ಈ ಸೂತ್ರವನ್ನು 19ನೆಯ ಶತಮಾನದಲ್ಲಿ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ ರೂಪಿಸಿದನು. ಅಂತರರಾಷ್ಟ್ರೀಯ ಮಾನದಂಡದಲ್ಲಿ 25 ಮತ್ತು ಅದಕ್ಕೂ ಮೇಲ್ಪಟ್ಟದ್ದು ಅಧಿಕ ತೂಕ, 30 ಮತ್ತು ಅದಕ್ಕೂ ಮೇಲ್ಪಟ್ಟದ್ದು ಸ್ಥೂಲಕಾಯ. ಭಾರತೀಯರಲ್ಲಿ ಇನ್ನೂ ಕಡಿಮೆ ತೂಕದಲ್ಲಿಯೇ ಮಧುಮೇಹ, ಹೃದ್ರೋಗಗಳು ಕಾಣಿಸಿಕೊಳ್ಳುವುದರಿಂದ ಇಲ್ಲಿನ ತಜ್ಞರು 2009ರಲ್ಲಿ ಈ ಮಿತಿಗಳನ್ನು ಕ್ರಮವಾಗಿ 23 ಮತ್ತು 25ಕ್ಕೆ ಇಳಿಸಿದರು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಸ್ತ್ರೀಯರಲ್ಲಿ 80 ಸೆಂ.ಮೀ. ಮೀರಬಾರದೆಂಬುದು ಇನ್ನೊಂದು ಅಳತೆ.

ಸೂಚ್ಯಂಕವು ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಕುಸ್ತಿಪಟುವಿನ ತೂಕ ಸ್ನಾಯುಗಳಿಂದ ಹೆಚ್ಚಿರಬಹುದು. ತೆಳ್ಳಗೆ ಕಾಣುವವರ ಹೊಟ್ಟೆಯೊಳಗೆ ಕೊಬ್ಬು ತುಂಬಿರಬಹುದು.

ಪ್ರಾಚೀನ ಉಲ್ಲೇಖ

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ‘ಅತಿಸ್ಥೌಲ್ಯ’ದ ವಿವರಣೆಯಿದೆ. ಅತಿಯಾದ ಆಹಾರ, ಸಿಹಿ ಮತ್ತು ಜಿಡ್ಡಿನ ಪದಾರ್ಥಗಳ ಸೇವನೆ, ವ್ಯಾಯಾಮದ ಅಭಾವ, ಹಗಲು ನಿದ್ರೆ ಇವುಗಳ ಜೊತೆಗೆ ಹುಟ್ಟಿನಿಂದ ಬಂದ ಸ್ವಭಾವವನ್ನೂ ಅದು ಕಾರಣವಾಗಿ ಹೇಳುತ್ತದೆ.

ವ್ಯಾಪ್ತಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015-16) ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚಿದ್ದ ಮಹಿಳೆಯರ ಪ್ರಮಾಣ ಶೇ. 20.6 ಇತ್ತು. ಐದನೆಯ ಸುತ್ತಿನಲ್ಲಿ (2019-21) ಅದು ಶೇ. 24ಕ್ಕೆ ಏರಿತು; ಪುರುಷರಲ್ಲಿ ಶೇ. 22.9ಕ್ಕೆ ತಲುಪಿತು. ಕರ್ನಾಟಕದಲ್ಲಿ ಇದೇ ಅವಧಿಯಲ್ಲಿ ಮಹಿಳೆಯರ ಪ್ರಮಾಣ ಶೇ. 23.3ರಿಂದ ಶೇ. 30.1ಕ್ಕೆ ಏರಿದೆ. ನಗರಗಳಲ್ಲಿ ಪ್ರಮಾಣ ಹೆಚ್ಚು. ಆದರೂ ಗ್ರಾಮೀಣ ಭಾರತದಲ್ಲಿ ಐವರು ಮಹಿಳೆಯರಲ್ಲಿ ಸುಮಾರು ಒಬ್ಬರು ಈ ಗುಂಪಿಗೆ ಸೇರುತ್ತಾರೆ. ಅದೇ ಐದನೆಯ ಸುತ್ತಿನಲ್ಲಿ ಶೇ. 18.7ರಷ್ಟು ಮಹಿಳೆಯರು ಅತಿ ಕೃಶರಾಗಿದ್ದರು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಂದಿಯ ಬೆಳವಣಿಗೆ ಕುಂಠಿತವಾಗಿತ್ತು. ನ್ಯೂನಪೋಷಣೆ ಮತ್ತು ಸ್ಥೂಲಕಾಯತೆ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಕಂಡುಬರುವ ಈ ಸ್ಥಿತಿಯನ್ನು ಪೋಷಣೆಯ ‘ಇಮ್ಮಡಿ ಹೊರೆ’ ಎನ್ನುತ್ತಾರೆ.

ಕಾರಣಗಳು

ಆಹಾರದ ಬದಲಾವಣೆ: ಹಸಿರು ಕ್ರಾಂತಿಯ ನಂತರ ಅಕ್ಕಿ, ಗೋಧಿಗಳ ಉತ್ಪಾದನೆ ಹೆಚ್ಚಿ, ಪಡಿತರದ ಮೂಲಕ ಮನೆಮನೆಗೂ ತಲುಪಿತು. ಹಸಿವನ್ನು ತಗ್ಗಿಸುವಲ್ಲಿ ಇದರ ಪಾತ್ರ ದೊಡ್ಡದು. ಆದರೆ ನಾರಿನಂಶ ಹೆಚ್ಚಿರುವ ರಾಗಿ, ಜೋಳ, ನವಣೆಗಳ ಬಳಕೆ ತಗ್ಗಿ, ನಯಗೊಳಿಸಿದ ಅಕ್ಕಿಯ ಪಾಲು ಹೆಚ್ಚಿತು. ಖಾದ್ಯತೈಲದ ಬಳಕೆಯೂ ಏರಿತು. ದೇಶಕ್ಕೆ ಬೇಕಾದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈಗ ಆಮದಾಗುತ್ತದೆ. ಒಂದು ಗ್ರಾಂ ಪಿಷ್ಟದಿಂದ 4 ಕಿಲೊಕ್ಯಾಲೊರಿ ದೊರೆತರೆ, ಒಂದು ಗ್ರಾಂ ಎಣ್ಣೆಯಿಂದ 9 ದೊರೆಯುತ್ತದೆ.

ಕಾರ್ಖಾನೆಯ ತಿನಿಸುಗಳು: ಬಿಸ್ಕತ್ತು, ಚಿಪ್ಸ್, ಸಿಹಿ ಪಾನೀಯಗಳು ಅಗ್ಗದ ಪೊಟ್ಟಣಗಳಲ್ಲಿ ಹಳ್ಳಿಯ ಗೂಡಂಗಡಿಗಳಲ್ಲಿಯೂ ದೊರೆಯುತ್ತವೆ. 300 ಮಿ.ಲೀ. ಕೋಲಾ ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಅಮೆರಿಕದಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಮಂದಿಗೆ ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸಹಜ ಆಹಾರವನ್ನೂ ಬೇಕಾದಷ್ಟು ತಿನ್ನಲು ಕೊಡಲಾಯಿತು. ಅತಿಸಂಸ್ಕರಿತ ಆಹಾರ ದೊರೆತಾಗ ಅವರು ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ಸೇವಿಸಿ ತೂಕ ಏರಿಸಿಕೊಂಡರು.

ಶ್ರಮದ ಇಳಿಕೆ: ಬೀಸುವ ಕಲ್ಲು, ಒರಳು, ಬಾವಿಯ ಹಗ್ಗ, ಸೈಕಲ್ಲುಗಳ ಸ್ಥಾನವನ್ನು ಗಿರಣಿ, ಮಿಕ್ಸಿ, ನಲ್ಲಿ, ದ್ವಿಚಕ್ರ ವಾಹನಗಳು ಪಡೆದಿವೆ. ಈ ಸೌಲಭ್ಯಗಳು ಬಳಲಿಕೆಯಿಂದ, ವಿಶೇಷವಾಗಿ ಹೆಂಗಸರನ್ನು, ಬಿಡುಗಡೆ ಮಾಡಿದವು. ಉಳಿದ ಶ್ರಮಕ್ಕೆ ತಕ್ಕಂತೆ ಊಟ ಮಾತ್ರ ಬದಲಾಗಲಿಲ್ಲ. ಮಕ್ಕಳಿಗೆ ಆಟದ ಬಯಲು ಕಡಿಮೆಯಾಗಿರುವುದು, ಪರದೆಯ ಮುಂದೆ ಕಳೆಯುವ ಸಮಯ, ನಿದ್ರೆಯ ಕೊರತೆ ಇವೂ ಕಾರಣಗಳೇ.

ದೇಹಪ್ರಕೃತಿ: ಹಸಿವನ್ನು ನಿಯಂತ್ರಿಸುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಪತ್ತೆಯಾಯಿತು. ತೂಕದ ಪ್ರವೃತ್ತಿಯಲ್ಲಿ ಅನುವಂಶೀಯತೆಗೆ ದೊಡ್ಡ ಪಾತ್ರವಿದೆ. ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ ಯಾಜ್ಞಿಕರ ಅಧ್ಯಯನಗಳ ಪ್ರಕಾರ, ಭಾರತೀಯ ಶಿಶುಗಳು ಹುಟ್ಟುವಾಗ ತೂಕದಲ್ಲಿ ಕಡಿಮೆಯಿದ್ದರೂ ಯೂರೋಪಿನ ಶಿಶುಗಳಿಗೆ ಹೋಲಿಸಿದರೆ ದೇಹದ ಕೊಬ್ಬಿನ ಪಾಲು ಹೆಚ್ಚಾಗಿರುತ್ತದೆ. ಗರ್ಭದಲ್ಲಿ ಪೋಷಣೆ ಸಾಲದೆ ಬೆಳೆದ ಮಗುವಿಗೆ ಮುಂದೆ ಸಮೃದ್ಧ ಆಹಾರ ದೊರೆತಾಗ ಅಪಾಯ ಹೆಚ್ಚೆಂದು ಇದನ್ನು ಅರ್ಥೈಸಲಾಗಿದೆ. ಥೈರಾಯ್ಡ್ ಗ್ರಂಥಿಯ ಕೊರತೆ, ಕೆಲವು ಔಷಧಿಗಳು ಸಹ ತೂಕವನ್ನು ಹೆಚ್ಚಿಸುತ್ತವೆ.

ಪರಿಣಾಮಗಳು

ಎರಡನೆಯ ಬಗೆಯ ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಪಿತ್ತಜನಕಾಂಗದಲ್ಲಿ ಕೊಬ್ಬು, ಮಂಡಿನೋವು, ನಿದ್ರೆಯಲ್ಲಿ ಉಸಿರುಗಟ್ಟುವಿಕೆ ಹಾಗೂ ಕೆಲವು ಬಗೆಯ ಕ್ಯಾನ್ಸರ್ ಸ್ಥೂಲಕಾಯತೆಯೊಡನೆ ಬರಬಹುದಾದ ರೋಗಗಳು. ಶಾಲೆಗಳಲ್ಲಿ ಅಡ್ಡಹೆಸರಿಟ್ಟು ಹೀಯಾಳಿಸುವುದರಿಂದ ಮಕ್ಕಳು ಆಟದ ಮೈದಾನದಿಂದಲೇ ದೂರ ಸರಿಯುತ್ತಾರೆ. ದಪ್ಪಗಿರುವುದು ಕೇವಲ ಸೋಮಾರಿತನದ ಫಲವೆಂಬ ನಂಬಿಕೆ ವೈಜ್ಞಾನಿಕವಾಗಿ ನಿಲ್ಲದು. ಚಿಕಿತ್ಸೆಗೆ ಬರಬೇಕಾದವರನ್ನು ಅದು ಹಿಮ್ಮೆಟ್ಟಿಸುತ್ತದೆ.

ತಡೆ ಮತ್ತು ಚಿಕಿತ್ಸೆ

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಮಧ್ಯಮ ಶ್ರಮದ ಚಟುವಟಿಕೆ ನಡೆಸಬೇಕೆಂದೂ, ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಆಹಾರಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಅಗತ್ಯವಿದ್ದವರಿಗೆ ವೈದ್ಯರು ಔಷಧಿ ಅಥವಾ ಜಠರದ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ತೂಕ ಇಳಿದಾಗ ದೇಹವು ಹಸಿವನ್ನು ಹೆಚ್ಚಿಸಿ ಶಕ್ತಿಯ ವ್ಯಯವನ್ನು ತಗ್ಗಿಸುವುದರಿಂದ, ಇಳಿದ ತೂಕವನ್ನು ಉಳಿಸಿಕೊಳ್ಳುವುದು ಇಳಿಸುವುದಕ್ಕಿಂತ ಕಷ್ಟ.

ವ್ಯಕ್ತಿಯ ಪ್ರಯತ್ನಕ್ಕೆ ಸಾರ್ವಜನಿಕ ನೀತಿಯ ಬೆಂಬಲ ಬೇಕಾಗುತ್ತದೆ. ಮೆಕ್ಸಿಕೊ 2014ರಿಂದ ಸಿಹಿ ಪಾನೀಯಗಳ ಮೇಲೆ ವಿಶೇಷ ತೆರಿಗೆ ವಿಧಿಸಿತು. ಚಿಲಿ 2016ರಿಂದ ಪೊಟ್ಟಣದ ಮುಂಭಾಗದಲ್ಲಿ ಕಪ್ಪು ಎಚ್ಚರಿಕೆಯ ಗುರುತನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ 2020ರ ನಿಯಮಗಳು ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಶಾಲಾ ಗೇಟಿನಿಂದ 50 ಮೀಟರ್ ವ್ಯಾಪ್ತಿಯಲ್ಲಿಯೂ ಮಕ್ಕಳಿಗೆ ಮಾರುವುದನ್ನು ನಿಷೇಧಿಸಿವೆ.