ಬಿಳಿಯ ಗುಳಿಗೆಯ ವೈದ್ಯರಲ್ಲಿಗೆ ಹೋದಾಗ

ನಮ್ಮ ಜಿಲ್ಲೆಯ ಹಳೆಯ ಕ್ರೈಸ್ತ ಮನೆಗಳಲ್ಲಿ ಪ್ರಾರ್ಥನಾ ಪೀಠದ ಬದಿಯ ಕಪಾಟನ್ನು ತೆರೆದರೆ ಬಿರಡೆ ಹಾಕಿದ ಪುಟ್ಟ ಸೀಸೆಗಳು ಕಾಣಸಿಗುತ್ತಿದ್ದುವು. ಅವುಗಳೊಳಗಿನ ಬಿಳಿಯ ಗುಳಿಗೆಗಳನ್ನು ಮಕ್ಕಳು ಮಿಠಾಯಿಯೆಂದೇ ಬೇಡುತ್ತಿದ್ದರು; ನಾವೂ ಬೇಡಿದವರೇ. ಈ ಸೀಸೆಗಳು ನಮ್ಮ ನಡುವೆ ಬಂದ ಬಗೆಯನ್ನೂ, ಅವುಗಳನ್ನು ಕೊಡುವ ಹೋಮಿಯೋಪತಿ ವೈದ್ಯರಲ್ಲಿಗೆ ಹೋದ ರೋಗಿಯು ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನೂ ಈ ಶತಮಾನೋತ್ಸವದ ಸಂಚಿಕೆಯಲ್ಲಿ ಬರೆದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಕರ್ತವ್ಯವೆಂದು ಏಕೆ ಹೇಳಿದೆವೆಂಬುದು ಮುಂದೆ ತಿಳಿಯುವುದು.

1878ರ ಡಿಸೆಂಬರ್ 31ರಂದು ಯೇಸು ಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. ಅವರಲ್ಲೊಬ್ಬರು ಜರ್ಮನಿಯವರಾದ ಫಾದರ್ ಆಗಸ್ಟಸ್ ಮುಲ್ಲರ್. 1880ರಲ್ಲಿ ಕಂಕನಾಡಿಯ ಆಲದ ಮರದಡಿಯಲ್ಲಿ ಅವರು ಬಡವರಿಗೆ ಹೋಮಿಯೋಪತಿ ಔಷಧಿಗಳನ್ನು ಕೊಡತೊಡಗಿದರು. ಅದೇ ಬೆಳೆದು ಬಡವರ ಔಷಧಾಲಯವಾಯಿತು. ಆದರೆ ಈ ಗುರುಗಳು ಗುಳಿಗೆಗೇ ತೃಪ್ತರಾಗಿ ಕುಳಿತವರಲ್ಲ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ತೆರೆದರು. 1895ರಲ್ಲಿ ಆಸ್ಪತ್ರೆಯನ್ನು ಕಟ್ಟಿಸಿದರು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಅವರು ದೈವಾಧೀನರಾದರು.

ಅವರು ಹಿಡಿದ ಪದ್ಧತಿಯ ಮೂಲಪುರುಷನು ಜರ್ಮನಿಯ ವೈದ್ಯನಾದ ಸಾಮ್ಯುಯೆಲ್ ಹಾನಿಮನ್. 1790ರಲ್ಲಿ ಸಿಂಕೋನಾ ತೊಗಟೆಯನ್ನು ತಾನೇ ಸೇವಿಸಿ, ಚಳಿಜ್ವರದಂತಹ ಲಕ್ಷಣಗಳನ್ನು ತನ್ನ ದೇಹದಲ್ಲಿ ಕಂಡೆನೆಂದು ಬಗೆದು, ಆರೋಗ್ಯವಂತನಲ್ಲಿ ಯಾವ ಲಕ್ಷಣವನ್ನು ಎಬ್ಬಿಸುವುದೋ ಅದೇ ವಸ್ತುವು ಆ ಲಕ್ಷಣವುಳ್ಳ ರೋಗವನ್ನು ನೀಗುವುದೆಂದು ಆತನು ನಿರ್ಣಯಿಸಿದನು. ಅಂದಿನ ವೈದ್ಯರು ರೋಗಿಯ ರಕ್ತವನ್ನು ಬಟ್ಟಲುಗಟ್ಟಲೆ ಹರಿಸುತ್ತಿದ್ದರು, ಪಾದರಸವನ್ನು ಕುಡಿಸುತ್ತಿದ್ದರು. ಅಂತಹ ಚಿಕಿತ್ಸೆಯ ಮುಂದೆ ಏನನ್ನೂ ಮಾಡದ ಗುಳಿಗೆಯೇ ಎಷ್ಟೋ ಪಾಲು ಮೇಲೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಂದು ಇಂತಹ ವೈದ್ಯರಲ್ಲಿಗೆ ಮೊದಲ ಸಲ ಹೋದವರಿಗೆ ಎದುರಾಗುವುದು ಪ್ರಶ್ನೆಗಳ ಸುರಿಮಳೆ. ನೋವು ಬಲಗಡೆಯೋ ಎಡಗಡೆಯೋ, ಮುಂಜಾವಿನಲ್ಲಿ ಹೆಚ್ಚೋ ಸಂಜೆಯಲ್ಲೋ, ಗಾಳಿ ಬೇಕೋ ಬೆಚ್ಚನೆಯ ಹೊದಿಕೆ ಬೇಕೋ, ಉಪ್ಪು ಇಷ್ಟವೋ ಸಿಹಿಯೋ, ಕನಸು ಎಂತಹದು, ಮನಸ್ಸಿಗೆ ತಾಗಿದ ದುಃಖ ಯಾವುದು! ಒಂದು ತಾಸೂ ಹಿಡಿದೀತು. ಪಾಪನಿವೇದನೆಯ ಪೀಠದಲ್ಲಿ ಕುಳಿತು ಬಲ್ಲ ನಾವು ಇದರ ಬೆಲೆಯನ್ನು ಅರಿತಿದ್ದೇವೆ. ಮನುಷ್ಯನು ತನ್ನ ಮಾತನ್ನು ಕೊನೆಯವರೆಗೂ ಕೇಳುವವರನ್ನು ಕಂಡರೆ ಅರ್ಧ ಹಗುರಾಗಿ ಮನೆಗೆ ಹೋಗುವನು. ಬಳಿಕ ಸಕ್ಕರೆಯ ಗುಳಿಗೆಗಳ ಮೇಲೆ ಔಷಧಿಯ ಹನಿಗಳನ್ನು ಹಾಕಿ ಕೊಡುತ್ತಾರೆ. ಕೈಯಿಂದ ಮುಟ್ಟದೆ ನಾಲಗೆಯ ಮೇಲಿಟ್ಟು ಕರಗಿಸಬೇಕು; ಕಾಫಿ, ಕರ್ಪೂರಗಳನ್ನು ವರ್ಜಿಸಬೇಕೆಂದು ಹಲವರು ಹೇಳುವರು. ಕೆಲವು ವಾರಗಳ ತರುವಾಯ ಮತ್ತೆ ಬರಹೇಳುವರು.

ಇನ್ನು ಆ ಹನಿಯ ಲೆಕ್ಕ. ಮೂಲ ಔಷಧಿಯ ಒಂದು ಪಾಲನ್ನು 99 ಪಾಲು ದ್ರವದಲ್ಲಿ ಬೆರೆಸಿ ಕುಲುಕುವುದು ಒಂದನೆಯ ಮೆಟ್ಟಿಲು. ಅದರಲ್ಲಿ ಒಂದು ಪಾಲನ್ನು ತೆಗೆದು ಮತ್ತೆ 99 ಪಾಲಿನಲ್ಲಿ ಬೆರೆಸುವುದು ಎರಡನೆಯದು. ಸೀಸೆಯ ಮೇಲೆ 30 ಎಂದಿದ್ದರೆ ಹೀಗೆ 30 ಸಲ ಮಾಡಿದ್ದಾರೆಂದು ಅರ್ಥ. 12ನೆಯ ಮೆಟ್ಟಿಲನ್ನು ದಾಟಿದ ಮೇಲೆ ಮೂಲವಸ್ತುವಿನ ಒಂದು ಕಣವಾದರೂ ಉಳಿದಿರುವ ಸಂಭವ ತೀರ ಕಡಮೆಯೆಂದು ರಸಾಯನಶಾಸ್ತ್ರವು ತಿಳಿಸುತ್ತದೆ. 2015ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯು ಲಭ್ಯವಿದ್ದ ಅಧ್ಯಯನಗಳನ್ನು ಪರಿಶೀಲಿಸಿ, ಹೋಮಿಯೋಪತಿಯಿಂದ ಗುಣವಾಗುವುದೆಂದು ನಂಬಲರ್ಹ ಆಧಾರವಿರುವ ರೋಗ ಯಾವುದೂ ಇಲ್ಲವೆಂದು ಪ್ರಕಟಿಸಿತು. ಫಾದರ್ ಮುಲ್ಲರರ ಹೆಸರನ್ನು ಪೂಜ್ಯಭಾವದಿಂದ ನೆನೆಯುವ ನಮಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೆ ಪುಣ್ಯಪುರುಷರ ಮೇಲಿನ ಗೌರವವು ಸತ್ಯಕ್ಕೆ ಅಡ್ಡಬರಲಾಗದು.

ಬರೆಯಲು ಇನ್ನೊಂದು ಕಾರಣವೂ ಉಂಟು. ನಾವು ಹಿಂದೆ ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಕಾಲಿನ ಹುಣ್ಣನ್ನು ತೋರಿಸಿ, "ಫಾದರ್, ಆಸ್ಪತ್ರೆಗೆ ಹೋಗಲೋ, ಗುಳಿಗೆ ಸಾಕೋ?" ಎಂದು ಕೇಳಿದರು. ಬಾಲ್ಯದ ಸೀಸೆಗಳ ನೆನಪಿನಲ್ಲಿ ನಾವು, "ಮೊದಲು ಗುಳಿಗೆ ನೋಡಿ" ಎಂದೆವು. ಯಾವ ವೈದ್ಯರನ್ನೂ ಕಾಣದೆ ಅವರು ಮನೆಯಲ್ಲಿದ್ದ ಗುಳಿಗೆಗಳನ್ನೇ ನುಂಗುತ್ತ ಮೂರು ವಾರ ಕಳೆದರು. ಆಸ್ಪತ್ರೆಗೆ ಸೇರಿಸಿದಾಗ ಪಾದವನ್ನು ಉಳಿಸಲಾಗಲಿಲ್ಲ. ತಪ್ಪು ಗುಳಿಗೆಯದಲ್ಲ, ನಮ್ಮದು.

ಆದುದರಿಂದ ಹೋಗುವವರು ಹೋಗಲಿ, ವೈದ್ಯರು ಬಿ.ಎಚ್.ಎಂ.ಎಸ್. ಪದವೀಧರರೇ, ನೋಂದಣಿ ಪಡೆದವರೇ ಎಂದು ವಿಚಾರಿಸಿಕೊಳ್ಳಲಿ. ಕ್ಷಯದ ಮಾತ್ರೆಯನ್ನೋ ಇನ್ಸುಲಿನ್ ಚುಚ್ಚುಮದ್ದನ್ನೋ ನಿಲ್ಲಿಸಿರೆಂದು ಯಾರೇ ಹೇಳಲಿ, ಅಲ್ಲಿಂದ ಎದ್ದು ಬರತಕ್ಕದ್ದು. ಎದೆನೋವು, ಬಿಡದ ಜ್ವರ, ಮಾಯದ ಹುಣ್ಣು ಇವುಗಳನ್ನು ಕಂಡೊಡನೆ ಆಸ್ಪತ್ರೆಗೆ ಕಳುಹಿಸುವ ಹೋಮಿಯೋಪತಿ ವೈದ್ಯರೂ ಇದ್ದಾರೆ; ಅಂತಹವರನ್ನು ನಾವು ಬಲ್ಲೆವು, ಗೌರವಿಸುತ್ತೇವೆ.

ಆ ಹಿರಿಯರು ಈಗಲೂ ಊರುಗೋಲಿನ ಆಸರೆಯಲ್ಲಿ ಭಾನುವಾರದ ಬಲಿಪೂಜೆಗೆ ಬರುತ್ತಾರಂತೆ. ಕಳೆದ ವರ್ಷ ಆ ಊರಿನ ಹಬ್ಬಕ್ಕೆ ಹೋದಾಗ ನಮ್ಮ ಕೈಯನ್ನು ಹಿಡಿದು ಬಹಳ ಹೊತ್ತು ಮಾತನಾಡಿದರು. ಗುಳಿಗೆಯ ಸೀಸೆ ಅವರ ಜೇಬಿನಲ್ಲಿಯೇ ಇತ್ತು, ಜೊತೆಗೆ ಆಸ್ಪತ್ರೆಯ ಚೀಟಿಯೂ. ಪಾದದ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.